ಬತೇರಿ, ಬುರುಜು, ಕಾವಲುಗೋಪುರ: ಅರ್ಥವ್ಯತ್ಯಾಸದ ಕುರಿತು ಒಂದು ಪ್ರಶ್ನೆ

ಮಾನ್ಯರೆ,

ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವರಿಗಾಗಿ ಒಂದು ಸಣ್ಣ ಪ್ರವಾಸಿ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಘಾಟಿಯ ಮೇಲೆ ಸಕಲೇಶಪುರದ ಮಂಜರಾಬಾದ್ ಕೋಟೆ, ಕೆಳಗೆ ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿ, ಹೀಗೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಎರಡು ರಕ್ಷಣಾ ಕಟ್ಟಡಗಳ ವಿವರಣೆ ಅದರಲ್ಲಿ ಬರುತ್ತದೆ. ಎಂಟು ಮೂಲೆಗಳ ನಕ್ಷತ್ರದಾಕಾರದ ಮಂಜರಾಬಾದನ್ನು ವಿವರಿಸಲು ಕೋಟೆ, ಕಂದಕ, ಮದ್ದಿನ ಮನೆ ಎಂಬ ಪದಗಳು ತಡವಿಲ್ಲದೆ ಒದಗಿದವು. ತೊಡಕು ಬಂದದ್ದು ಎರಡನೆಯದರ ವಿಷಯದಲ್ಲಿ.

ಸುಲ್ತಾನ್ ಬತ್ತೇರಿಯನ್ನು ಕುರಿತ ಬರಹಗಳಲ್ಲಿ ಅದನ್ನು ಸಾಮಾನ್ಯವಾಗಿ ‘ಕಾವಲುಗೋಪುರ’ ಎಂದು ಕರೆಯಲಾಗುತ್ತದೆ. 1784ರಲ್ಲಿ ಗುರುಪುರ ನದಿಯ ದಂಡೆಯ ಮೇಲೆ ಕಪ್ಪು ಕಲ್ಲಿನಿಂದ ಕಟ್ಟಿದ ಈ ಕಟ್ಟಡದ ಉದ್ದೇಶ, ಶತ್ರುಗಳ ಯುದ್ಧನೌಕೆಗಳು ಅಳಿವೆಯ ಕಡೆಯಿಂದ ನದಿಯೊಳಕ್ಕೆ ಬರದಂತೆ ತಡೆಯುವುದಾಗಿತ್ತು. ಸುತ್ತಲಿನ ಗೋಡೆಯಲ್ಲಿ ತೋಪುಗಳ, ಅಂದರೆ ಫಿರಂಗಿಗಳ, ಬಾಯಿಗಾಗಿಯೇ ಬಿಟ್ಟ ಕಂಡಿಗಳಿವೆ. ಕೆಳಗೆ ಮದ್ದು ಇರಿಸುವ ಕೋಣೆಯಿದೆ. ಅಂದರೆ ಇದು ನೋಡುವುದಕ್ಕೆ ಮಾತ್ರ ಕಟ್ಟಿದ್ದಲ್ಲ, ಗುಂಡು ಹಾರಿಸುವುದಕ್ಕೂ ಕಟ್ಟಿದ್ದು. ‘ಕಾವಲುಗೋಪುರ’ ಎಂದ ಕೂಡಲೇ ಓದುಗರ ಕಣ್ಣಮುಂದೆ ನಿಲ್ಲುವುದು ಎತ್ತರದಲ್ಲಿ ಒಬ್ಬಿಬ್ಬರು ಕುಳಿತು ದೂರಕ್ಕೆ ದೃಷ್ಟಿಯಿಟ್ಟ ಚಿತ್ರವೇ ಹೊರತು ತೋಪುಗಳ ಸಾಲಲ್ಲ. ನಮ್ಮ ಸೀಮೆಯಲ್ಲಂತೂ ಇನ್ನೊಂದು ಪೇಚಿದೆ. ಕಡೂರು ತಾಲ್ಲೂಕಿನ ಬಾಸೂರಿನ ಅಮೃತಮಹಲ್ ಕಾವಲನ್ನು ಬಲ್ಲವರಿಗೆ ‘ಕಾವಲು’ ಎಂದರೆ ಮೊದಲು ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲು. ‘ಗೋಪುರ’ ಎಂದರೆ ಬೇಲೂರಿನ ದೇವಸ್ಥಾನದ ಬಾಗಿಲು.

ಬತೇರಿ ಎಂಬ ಪದದ ಮೂಲವೇ ಈ ಕಟ್ಟಡದ ಕೆಲಸವನ್ನು ಹೇಳುತ್ತದೆ. ಹೊಡೆ, ಬಡಿ ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿ, ತೋಪುಗಳನ್ನು ಒಟ್ಟಾಗಿ ಹೂಡಿದ ನೆಲೆ ಎಂಬ ಅರ್ಥವನ್ನು ಪಡೆದು, ಯುರೋಪಿನ ಹಲವು ಭಾಷೆಗಳಿಗೆ ಹರಡಿದ ಪದ ಇದು. ಇಂಗ್ಲಿಷಿನ ಮೂಲಕ ಇದೇ ಪದ ಕನ್ನಡಕ್ಕೆ ‘ಬ್ಯಾಟರಿ’ಯಾಗಿ ಬಂದಿದೆ. ಹಾಗಾದರೆ ‘ಬತೇರಿ’ಯಲ್ಲಿ ಟಕಾರದ ಬದಲು ತಕಾರ ಏಕಿದೆ? ಇಂಗ್ಲಿಷಿನಿಂದ ನೇರವಾಗಿ ಬಂದ ಪದಗಳಲ್ಲಿ ನಮ್ಮ ಕಿವಿ ಟಕಾರ ಡಕಾರಗಳನ್ನೇ ಕೇಳುತ್ತದೆ: ಟಿಕೆಟ್, ಟೇಬಲ್, ಡಾಕ್ಟರ್. ಪೋರ್ಚುಗೀಸರಿಂದ ಬಂದವುಗಳಲ್ಲಿ ತಕಾರ ದಕಾರಗಳ ದಂತ್ಯ ಧ್ವನಿ ಉಳಿಯುತ್ತದೆ: ಇಸ್ತ್ರಿ, ಪಾದ್ರಿ. ತಕಾರದ ಮೇಲಿನ ಎಕಾರದ ಧ್ವನಿಯೂ ಪೋರ್ಚುಗೀಸಿನ ‘ಬತೆರಿಯ’ ಎಂಬ ಉಚ್ಚಾರಣೆಗೆ ಹತ್ತಿರವಾಗಿದೆ. ಇಂಗ್ಲಿಷಿನ ‘ಹಾಸ್ಪಿಟಲ್’ನಿಂದ ಬಂದಿತೆನ್ನುವ, ಆದರೂ ತಕಾರವಿರುವ ‘ಆಸ್ಪತ್ರೆ’ಯನ್ನು ಎತ್ತಿ ತೋರಿಸಿ ಈ ವಾದವನ್ನು ಯಾರಾದರೂ ಅಲ್ಲಗಳೆಯಬಹುದು, ಆದರೆ ಅದೂ ಪೋರ್ಚುಗೀಸರ ದಾರಿಯಲ್ಲೇ ಬಂದಿರಲು ಅಡ್ಡಿಯಿಲ್ಲ. ಪೋರ್ಚುಗೀಸರ ಒಡನಾಟ ಮಂಗಳೂರಿಗೆ ಹಳೆಯದು. ಟಿಪ್ಪುವಿನ ಸೈನ್ಯಕ್ಕೆ ಫ್ರೆಂಚರ ನಂಟೂ ಇತ್ತು. ಆದ್ದರಿಂದ ಬತೇರಿಯು ಇಂಗ್ಲಿಷಿನ ಅಪಭ್ರಂಶವೆಂಬ ಮಾತನ್ನು ನಾನು ಒಪ್ಪಲಾರೆ.

ಆದರೆ ಪದ ಬಂದ ದಾರಿ ಒಂದು, ಅದು ಜನರ ಬಾಯಲ್ಲಿ ಪಡೆದ ಅರ್ಥ ಇನ್ನೊಂದು. ಚಿತ್ರದುರ್ಗದ ಕೋಟೆಯಲ್ಲಿ ಲಾಲ್ ಬತೇರಿ, ತುಪ್ಪದ ಕೊಳದ ಬತೇರಿ ಎಂಬ ಹೆಸರುಗಳಿವೆ. ಅಲ್ಲಿ ಬತೇರಿ ಎಂದರೆ ಎತ್ತರದಲ್ಲಿ ನಿಂತ, ಸುತ್ತಲಿನ ಬಯಲನ್ನು ಕಾಣಿಸುವ ಬುರುಜು ಎಂಬ ಅರ್ಥವೇ ಮುಂದಾಗಿದೆ. ವಯನಾಡಿನ ಸುಲ್ತಾನ್ ಬತ್ತೇರಿ ಎಂಬ ಊರಿಗೆ ಆ ಹೆಸರು ಬಂದದ್ದು ಅಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ್ದರಿಂದ ಎನ್ನುತ್ತಾರೆ. ಒಂದೇ ಪದ ಒಂದೆಡೆ ತೋಪಿನ ನೆಲೆ, ಒಂದೆಡೆ ಬುರುಜು, ಮತ್ತೊಂದೆಡೆ ಉಗ್ರಾಣ.

‘ಬುರುಜು’ ಎಂದೇ ಬರೆಯಬಹುದಲ್ಲ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಅರಬ್ಬಿ ಮೂಲದ ಆ ಪದ ಕನ್ನಡದಲ್ಲಿ ಹೆಚ್ಚಾಗಿ ಕೋಟೆಯ ಗೋಡೆಗೆ ಅಂಟಿಕೊಂಡ ಭಾಗವನ್ನು, ಅಂದರೆ ಕೊತ್ತಳವನ್ನು, ಹೇಳುತ್ತದೆ. ವಿಜಯಪುರದ ಉಪ್ಪಲಿ ಬುರುಜು ಒಂಟಿಯಾಗಿ ನಿಂತು ತಲೆಯ ಮೇಲೆ ತೋಪುಗಳನ್ನು ಹೊತ್ತಿರುವುದರಿಂದ ಈ ಸಲಹೆಗೆ ಆಧಾರವಿದೆ, ನಿಜ. ಆದರೂ ಹೊರಗಿನಿಂದ ಹತ್ತುವ ಮೆಟ್ಟಿಲುಗಳ ಆ ಎತ್ತರದ ಗೋಪುರಕ್ಕೂ ಬೋಳೂರಿನ ಈ ಕುಳ್ಳ ಕಟ್ಟಡಕ್ಕೂ ಹೋಲಿಕೆ ಕಡಿಮೆ.

ಈ ವ್ಯತ್ಯಾಸಕ್ಕೆ ಇಷ್ಟೊಂದು ಒತ್ತು ಏಕೆಂದು ಕೇಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಡೆಲವೇರ್ ಕಡಲತೀರದಲ್ಲಿ ಕಟ್ಟಿದ ಕಾಂಕ್ರೀಟ್ ಗೋಪುರಗಳ ಬಗ್ಗೆಯೂ ಹೋಲಿಕೆಗಾಗಿ ಒಂದು ಪುಟ ಬರೆಯಬೇಕಾಗಿದೆ. ಅವುಗಳಲ್ಲಿ ತೋಪುಗಳೇ ಇರಲಿಲ್ಲ. ಕಿರಿದಾದ ಕಂಡಿಗಳಿಂದ ಒಂದೇ ಹಡಗನ್ನು ಎರಡು ಗೋಪುರಗಳವರು ನೋಡಿ ದಿಕ್ಕಿನ ಕೋನಗಳನ್ನು ಅಳೆಯುತ್ತಿದ್ದರು. ಆ ಎರಡು ಕೋನಗಳಿಂದ ಹಡಗಿನ ಸ್ಥಾನವನ್ನು ಲೆಕ್ಕಹಾಕಿ, ಬೇರೆಡೆಯಿದ್ದ ತೋಪಿನ ನೆಲೆಗಳಿಗೆ ಗುರಿ ತಿಳಿಸಲಾಗುತ್ತಿತ್ತು. ಅಲ್ಲಿ ನೋಡುವ ಕಟ್ಟಡ ಬೇರೆ, ಹೊಡೆಯುವ ಕಟ್ಟಡ ಬೇರೆ. ಎರಡಕ್ಕೂ ‘ಕಾವಲುಗೋಪುರ’ ಎಂದು ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಡೆಲವೇರಿನದಕ್ಕೆ ಕಾವಲುಗೋಪುರ, ಬೋಳೂರಿನದಕ್ಕೆ ಬತೇರಿ ಎಂದು ಬಳಸಿ, ಎರಡನೆಯದರ ಮುಂದೆ ‘ತೋಪುಗಳ ನೆಲೆ’ ಎಂದು ಒಮ್ಮೆ ವಿವರಿಸುವುದು ಸದ್ಯಕ್ಕೆ ನನ್ನ ತೀರ್ಮಾನ.

ತಮ್ಮಲ್ಲಿ ನನ್ನ ಪ್ರಶ್ನೆಗಳು ಇವು. ಚಿತ್ರದುರ್ಗದ ಕಡೆಯವರು ಇಂದಿಗೂ ಮಾತಿನಲ್ಲಿ ಬತೇರಿ, ಬುರುಜುಗಳನ್ನು ಬೇರೆಬೇರೆ ಅರ್ಥದಲ್ಲಿ ಬಳಸುತ್ತಾರೆಯೆ? ಬೋಳೂರಿನ ಹಳಬರು ಆ ಕಟ್ಟಡಕ್ಕೆ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಬೇರೆ ಹೆಸರನ್ನು ಹೇಳುವುದುಂಟೆ? ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಊರ ರಕ್ಷಣೆಗೆ ಕಟ್ಟಿದ ಗೋಪುರವಾದ ‘ಹುಡೆ’ ಕೇವಲ ನೋಡುವ ನೆಲೆಯೋ, ಹೊಡೆಯುವ ನೆಲೆಯೂ ಹೌದೋ? ಕೊನೆಯದಾಗಿ, ‘ಬತೇರಿ’ ಮತ್ತು ‘ಬತ್ತೇರಿ’ ಎಂಬ ಎರಡು ರೂಪಗಳಲ್ಲಿ ಹಳೆಯ ಕಡತಗಳಲ್ಲಿ, ಊರುಗಳ ಚರಿತ್ರೆಯನ್ನು ಬರೆದಿಟ್ಟ ಕೈಫಿಯತ್ತುಗಳಲ್ಲಿ ಕಾಣಿಸುವುದು ಯಾವುದು ಎಂಬುದನ್ನು ಬಲ್ಲವರು ವಾಕ್ಯದ ಉದಾಹರಣೆಯೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.