ರೂಬಿಯಲ್ಲಿ ಕ್ಲಾಸ್ ಹೊರಗೆ ಬರೆದ ಕೋಡ್: ಪ್ರಶ್ನೋತ್ತರ

ಹೊಸ ಸದಸ್ಯ: ಮೇಡಂ, ರೂಬಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವೂ ಆಬ್ಜೆಕ್ಟ್ (ಡೇಟಾ ಮತ್ತು ಅದು ಮಾಡುವ ಕೆಲಸಗಳು, ಅಂದರೆ ಮೆಥಡ್‌ಗಳು, ಸೇರಿದ ಘಟಕ), ಅದರ ಅಚ್ಚು ಕ್ಲಾಸ್ ಅಂತಾರೆ. ಹಾಗಾದ್ರೆ ಕ್ಲಾಸೇ ಇಲ್ಲದೆ ತೆರೆ ಮೇಲೆ ಸಾಲು ತೋರಿಸುವ ‘ಪುಟ್ಸ್’ ಒಂದನ್ನೇ ಬರೆದರೆ ಹೇಗೆ ಓಡುತ್ತದೆ?

ಮೇಡಂ: ಕೋಡ್ ಓಡುವ ಮೊದಲೇ ರೂಬಿ ‘ಮೇನ್’ ಅನ್ನೋ ಆಬ್ಜೆಕ್ಟ್ ಮಾಡಿಟ್ಟಿರುತ್ತದೆ. ಕ್ಲಾಸ್ ಹೊರಗೆ ‘ಸೆಲ್ಫ್’ (ಆ ಕ್ಷಣ ಕೋಡ್ ಓಡಿಸುತ್ತಿರುವ ಆಬ್ಜೆಕ್ಟ್) ಅಂದರೆ ಅದೇ. ಅದರ ಕ್ಲಾಸ್ ಹೆಸರು ‘ಆಬ್ಜೆಕ್ಟ್’. ಪುಟ್ಸ್ ಇರುವುದು ‘ಕರ್ನೆಲ್’ ಅನ್ನೋ, ಮೆಥಡ್‌ಗಳನ್ನು ಒಟ್ಟಿಗೆ ಇಡುವ ಮಾಡ್ಯೂಲ್‌ನಲ್ಲಿ. ಆ ಮಾಡ್ಯೂಲ್ ‘ಆಬ್ಜೆಕ್ಟ್’ ಕ್ಲಾಸಿಗೆ ಸೇರಿದೆ, ಹಾಗಾಗಿ ಮೇನ್‌ಗೂ ಸಿಗುತ್ತದೆ.

ಕಲಿಯುವವರು: ಮೇಲೆ ಇಟ್ಟ ವೇರಿಯೇಬಲ್, ಮೆಥಡ್ ಬರೆಯುವ ‘ಡೆಫ್’ ಒಳಗೆ ಸಿಗುತ್ತಿಲ್ಲ.

ಮೇಡಂ: ಡೆಫ್ ಹೊಸ ಸ್ಕೋಪ್, ಹೊರಗಿನ ಆ ವೇರಿಯೇಬಲ್ ಅಲ್ಲಿ ಕಾಣುವುದಿಲ್ಲ. ಆರ್ಗ್ಯುಮೆಂಟ್ ಆಗಿ ಕೊಡಿ.

ಸ್ಕ್ರಿಪ್ಟ್ ಬರೆಯುವವರು: ನನ್ನ ರಿಪೋರ್ಟ್‌ನಲ್ಲಿ ಮೊತ್ತ ಖಾಲಿ ಬರುತ್ತಿದೆ. ಎರರ್ ಇಲ್ಲ. ‘ಎರರ್ ಬರಬಾರದು ಅಂದ್ರೆ ಇದನ್ನು ಹಾಕಿ’ ಅಂತ ಬಂದ ಫಾರ್ವರ್ಡ್ ನೋಡಿ, ಫೈಲ್ ಮೇಲ್ಗಡೆ ನಿಲ್ (‘ಏನೂ ಇಲ್ಲ’ ಅನ್ನೋ ವ್ಯಾಲ್ಯೂ) ಕೊಡುವ ‘ಮೆಥಡ್ ಮಿಸ್ಸಿಂಗ್’ (ಇಲ್ಲದ ಮೆಥಡ್ ಕರೆದಾಗ ಓಡುವ ಮೆಥಡ್) ಬರೆದಿದ್ದೇನೆ.

ಮೇಡಂ: ಇದನ್ನು ಈಗಲೇ ತೆಗೆಯಿರಿ. ಕ್ಲಾಸ್ ಹೊರಗೆ ಡೆಫ್ ಬರೆದರೆ ಅದು ಮೇನ್‌ಗೆ ಮಾತ್ರ ಸೇರುವುದಿಲ್ಲ, ‘ಆಬ್ಜೆಕ್ಟ್’ ಕ್ಲಾಸಿನ ಪ್ರೈವೇಟ್ (ಬೇರೆ ಆಬ್ಜೆಕ್ಟ್ ಹೆಸರು ಹಿಡಿದು ಕರೆಯಲಾಗದ) ಮೆಥಡ್ ಆಗುತ್ತದೆ. ಸ್ಟ್ರಿಂಗ್, ಇಂಟಿಜರ್, ನಿಲ್, ನೀವು ಹಾಕಿಕೊಂಡ ಹೊರಗಿನ ಲೈಬ್ರರಿಗಳಾದ ಜೆಮ್‌ಗಳ ಆಬ್ಜೆಕ್ಟ್‌ಗಳು, ಹೆಚ್ಚುಕಡಿಮೆ ಎಲ್ಲವೂ ಅದರ ಕೆಳಗೇ ಬರುತ್ತವೆ. ಅದಕ್ಕೂ ಮೇಲಿರುವ ‘ಬೇಸಿಕ್ ಆಬ್ಜೆಕ್ಟ್’ ಕ್ಲಾಸಿನಿಂದ ನೇರವಾಗಿ ಹುಟ್ಟಿದವು ಮಾತ್ರ ತಪ್ಪಿಸಿಕೊಳ್ಳುತ್ತವೆ. ಈಗ ನೀವು ‘ರೌಂಡ್’ ಬದಲು ‘ರೌಡ್’ ಅಂತ ಬರೆದರೂ ನಿಲ್ ಬರುತ್ತದೆ. ಆ ನಿಲ್ ಮೇಲೆ ಇನ್ನೊಂದು ಮೆಥಡ್ ಕರೆದರೆ ಮತ್ತೆ ನಿಲ್. ಕೊನೆಗೆ ಪುಟ್ಸ್ ಖಾಲಿ ಸಾಲು ಬರೆಯುತ್ತದೆ. ತಪ್ಪು ಇರುವ ಜಾಗ ಒಂದು, ಅದು ಕಾಣುವ ಜಾಗ ಇನ್ನೆಲ್ಲೋ. ತೆಗೆದ ಮೇಲೆ ಎರರ್‌ಗಳು ಸಾಲಾಗಿ ಬರುತ್ತವೆ, ಬರಲಿ. ಒಂದೊಂದಾಗಿ ಸರಿಮಾಡಿ. ಮೆಥಡ್ ಮಿಸ್ಸಿಂಗ್ ನಿಜವಾಗಿ ಬೇಕಿದ್ದರೆ ಬೇಕಾದ ಕ್ಲಾಸ್ ಒಳಗೆ ಬರೆಯಿರಿ, ಗೊತ್ತಿಲ್ಲದ ಹೆಸರಿಗೆ ‘ಸೂಪರ್’ ಕರೆದು ಮೂಲ ಎರರ್ ಬರಲು ಬಿಡಿ.

ಜಾವಾದವರು: ಇಷ್ಟೆಲ್ಲ ಗೊಂದಲ ಇರೋದು ಶುದ್ಧ ಓಓಪಿ (ಆಬ್ಜೆಕ್ಟ್ ಆಧಾರಿತ ಪ್ರೋಗ್ರಾಮಿಂಗ್) ಅಲ್ಲವೇ ಅಲ್ಲ. ಜಾವಾದಲ್ಲಿ ಎಲ್ಲವೂ ಕ್ಲಾಸ್ ಒಳಗೆ.

ಹಳೆಯ ಸದಸ್ಯ: ಜಾವಾದ ಪೂರ್ಣಾಂಕ ‘ಇಂಟ್’ ಆಬ್ಜೆಕ್ಟಾ? ರೂಬಿಯಲ್ಲಿ 5ಕ್ಕೂ ಕ್ಲಾಸ್ ಇದೆ. ಜಾವಾ 25ರಲ್ಲಿ ನೀವೂ ಕ್ಲಾಸ್ ಬರೆಯದೆ ‘ಮೇನ್’ ಮೆಥಡ್ ಬರೆಯಬಹುದು. ಕಂಪೈಲರ್ ತಾನೇ ಕ್ಲಾಸ್ ಮಾಡಿಕೊಳ್ಳುತ್ತದೆ.

ಜಾವಾದವರು: ಹಾಗಾದ್ರೆ ರೂಬಿಯ ‘ಇಫ್’ ಮೆಸೇಜಾ, ಅಂದರೆ ಆಬ್ಜೆಕ್ಟ್‌ಗೆ ಕಳಿಸುವ ಮೆಥಡ್ ಕರೆಯಾ? ಸ್ಮಾಲ್‌ಟಾಕ್‌ ಭಾಷೆಯಲ್ಲಿ ಅದೂ ಮೆಸೇಜೇ. ಸುಮ್ನೆ ‘ಎಲ್ಲವೂ’ ಅನ್ನಬೇಡಿ.

ಹಳೆಯ ಸದಸ್ಯ: ಎಲ್ಲ ವ್ಯಾಲ್ಯೂಗಳೂ ಅಂತ ಅರ್ಥ. ಓದಿ ಬನ್ನಿ.

ಹೊಸ ಸದಸ್ಯ: ಬೇರೆ ಫೈಲನ್ನು ‘ಲೋಡ್’ ಮಾಡಿದರೆ ಅದಕ್ಕೂ ಇದೇ ಮೇನಾ?

ಇನ್ನೊಬ್ಬರು: ಮೇಲೆ ಇಟ್ಟ ವೇರಿಯೇಬಲ್ ಮೆಥಡ್ ಒಳಗೆ ಕಾಣಲ್ಲ, ಯಾಕೆ?

ಮೇಡಂ: ವೇರಿಯೇಬಲ್ ಪ್ರಶ್ನೆಗೆ ಮೇಲೆ ಉತ್ತರ ಇದೆ.

ಸಹಾಯಕ: ವೇರಿಯೇಬಲ್ ಹೆಸರಿನ ಶುರುವಿಗೆ ಅಟ್ ಚಿಹ್ನೆ (@) ಹಾಕಿ ಸಾಕು. ‘ಪ್ರೈವೇಟ್ ಮೆಥಡ್ ಕಾಲ್ಡ್’ ಎರರ್ ಬಂದರೆ ಫೈಲ್ ತಲೆಗೆ ‘ಪಬ್ಲಿಕ್’ ಅಂತ ಬರೆಯಿರಿ. ನನಗೂ ಫಾರ್ವರ್ಡ್ ಬಂದಿದ್ದು.

ಮೇಡಂ: ದಯವಿಟ್ಟು ನಿಲ್ಲಿಸಿ. ಅಟ್ ಚಿಹ್ನೆ ಹಾಕಿದರೆ ಅದು ಮೇನ್‌ನ ವೇರಿಯೇಬಲ್. ಬೇರೆ ಆಬ್ಜೆಕ್ಟ್‌ನ ಮೆಥಡ್ ಒಳಗೆ ಸೆಲ್ಫ್ ಬೇರೆ, ಅಲ್ಲಿ ನಿಲ್ ಸಿಗುತ್ತದೆ. ಇನ್ನು ‘ಪಬ್ಲಿಕ್’ ಬರೆದರೆ ಅದರ ಕೆಳಗಿನ ಡೆಫ್‌ಗಳನ್ನು ಯಾರು ಬೇಕಾದರೂ ನಿಲ್ ಮೇಲೂ ಕರೆಯಬಹುದು. ಆ ಎರರ್ ಒಂದು ಎಚ್ಚರಿಕೆ. ಅದರ ಬಾಯಿ ಮುಚ್ಚಿಸಬೇಡಿ. ಮೆಥಡ್ ಅನ್ನು ಮಾಡ್ಯೂಲ್ ಒಳಗೆ ಇಡಿ.

ಸಹಾಯಕ: ನನ್ನ ಹತ್ತಿರ ಕೆಲಸ ಮಾಡ್ತಿದೆ.

ಮೇಡಂ: ಪರೀಕ್ಷಿಸದೆ ಇಲ್ಲಿ ಹಾಕಬೇಡಿ. ಸ್ಕ್ರಿಪ್ಟ್‌ನವರೇ, ಆ ಸಾಲುಗಳನ್ನು ತೆಗೆದಿರಾ? ಮೊದಲ ಎರರ್ ಏನು ಬಂತು, ಪೂರ್ತಿ ಹಾಕಿ.