ಪ್ರಶ್ನೋತ್ತರ: ಟೇಪ್ ಆಪರೇಷನ್ ಎಷ್ಟು ವರ್ಷ ತಡೀತೈತ್ರಿ?

ಪ್ರಶ್ನೆ (ಮುಧೋಳದಿಂದ): ಡಾಕ್ಟರ್ರೀ, ನಮಸ್ಕಾರ. ನಮ್ಮವ್ವಗ 54 ವರ್ಷ, ಮೂರು ಹೆರಿಗಿ ಆಗ್ಯಾವ. ಕೆಮ್ಮಿದ್ರ, ಸೀನಿದ್ರ, ಕೊಡ ಎತ್ತಿದ್ರ ಮೂತ್ರ ಸೋರತೈತಿ. ನಾಚಿಕಿಗೆ ಮದುವಿ, ಜಾತ್ರಿಗೆ ಹೋಗೂದ ಬಿಟ್ಟಾಳ. ಇಲ್ಲಿ ಟೇಪ್ ಹಾಕೂ ಆಪರೇಷನ್ ಹೇಳ್ಯಾರ್ರಿ. ನಾಕೈದು ವರ್ಷಕ್ಕ ಮತ್ತ ಮೊದಲಿನಂಗ ಆಗತೈತಿ ಅಂತ ಮಂದಿ ಹೆದರಸ್ಯಾರ. ಖರೇನ್ರಿ?

ಉತ್ತರ: ನಮಸ್ಕಾರ್ರಿ. ಆ ಮಾತು ಬಹಳಷ್ಟು ಜನರ ವಿಷಯದಲ್ಲಿ ಖರೆ ಅಲ್ಲ. ಮೂತ್ರನಾಳದ ಕೆಳಗೆ ಆಸರೆಯಾಗಿ ಟೇಪು ಇಡುವ ಈ ವಿಧಾನ ಸ್ವೀಡನ್ನಿನ ವೈದ್ಯ ಉಲ್ಫ್ ಉಲ್ಮ್‌ಸ್ಟೆನ್ 1996ರಲ್ಲಿ ಪ್ರಕಟಿಸಿದ್ದು. ಮೊದಮೊದಲು ಮಾಡಿಸಿಕೊಂಡ 90 ಮಹಿಳೆಯರನ್ನು 17 ವರ್ಷ ಗಮನಿಸಿದ್ದಾರೆ. ಅಷ್ಟು ವರ್ಷದ ನಂತರ ತಪಾಸಣೆಗೆ ಬಂದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಕೆಮ್ಮಿಸಿ ನೋಡಿದರೂ ಸೋರಲಿಲ್ಲ. ಪೂರ್ತಿ ವಾಸಿ ಅಥವಾ ಬಹಳ ಸುಧಾರಣೆ ಎಂದವರು ಶೇ. 87. ಆದರೆ ಅವರೆಲ್ಲ ಆರಿಸಿ ತೆಗೆದ ರೋಗಿಗಳು, ಕೈ ಪಳಗಿದ ವೈದ್ಯರು ಮಾಡಿದ್ದು. ಎಲ್ಲ ಕಡೆ ಇದೇ ಫಲ ಅಂತ ನಾನು ಭರವಸೆ ಕೊಡಲಾರೆ.

ಟೇಪು ಪ್ಲಾಸ್ಟಿಕ್ ದಾರದ ಜಾಲರಿ, ದೇಹದಲ್ಲೇ ಉಳಿಯುವಂಥದು. ಇಂಗ್ಲೆಂಡಿನಲ್ಲಿ 95,000ಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿದಾಗ 9 ವರ್ಷದೊಳಗೆ ಶೇ. 3.3 ಜನಕ್ಕೆ ಟೇಪನ್ನು ಪೂರ್ತಿ ಅಥವಾ ಅರ್ಧಂಬರ್ಧ ತೆಗೆಯಬೇಕಾಗಿತ್ತು. ಸಂಖ್ಯೆ ಸಣ್ಣದು, ಆದರೆ ಅವರಲ್ಲಿ ಕೆಲವರ ನೋವು ಸಣ್ಣದಲ್ಲ. ಅಂಥ ಮಹಿಳೆಯರ ದೂರಿನಿಂದಲೇ 2018ರ ಜುಲೈನಲ್ಲಿ ಅಲ್ಲಿ ಇದಕ್ಕೆ ತಡೆ ಬಿತ್ತು. ಜಾಲರಿ ಬೇಡ ಅಂದರೆ ಅವರದೇ ಹೊಟ್ಟೆಯ ಗೋಡೆಯಿಂದ ತೆಗೆದ ಪೊರೆಯ ಪಟ್ಟಿಯನ್ನೇ ಆಸರೆಯಾಗಿ ಹಾಕಬಹುದು. ಗಾಯ ದೊಡ್ಡದು, ಮೂತ್ರ ಕಟ್ಟುವ ತೊಂದರೆ ಸ್ವಲ್ಪ ಜಾಸ್ತಿ.

ಒಂದು ಕೇಳ್ತೀನಿ: ಅವ್ವಗ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಕಲಿಸಿದ್ದಾರೇನು?

ಪ್ರಶ್ನೆ: ಇಲ್ರಿ. ಯಾರೂ ಹೇಳಿಲ್ಲ.

ಉತ್ತರ: ಹಂಗಾದರೆ ಆಪರೇಷನ್ ತಾರೀಖು ಮುಂದಕ್ಕೆ ಹಾಕ್ರಿ. ಗಾಳಿ ಹೋಗದಂತೆ ಬಿಗಿ ಹಿಡೀತೀವಲ್ಲ, ಆ ಸ್ನಾಯು. ಸಲಕ್ಕೆ 8 ಬಾರಿ ಬಿಗಿ ಹಿಡಿದು ಬಿಡೋದು, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿಯಲಿ; ತಪ್ಪು ಸ್ನಾಯು ಬಿಗಿಯುವವರೇ ಬಹಳ. ತೂಕ ಹೆಚ್ಚಿದ್ದರೆ ಇಳಿಸಲಿ, ಹಳೆ ಕೆಮ್ಮು ಇದ್ದರೆ ಅದಕ್ಕೂ ಔಷಧ ಆಗಲಿ. ಎಷ್ಟೋ ಜನಕ್ಕೆ ಇಷ್ಟರಲ್ಲೇ ಆಪರೇಷನ್ ಬೇಕಾಗೋದಿಲ್ಲ. ಇನ್ನೊಂದು, ಅವಸರ ಬಂದು ಬಾತ್‌ರೂಮ್ ಮುಟ್ಟೋದರೊಳಗೆ ಹೋಗಿಬಿಡುತ್ತದಾ ಅಂತ ಅವ್ವನ್ನ ಕೇಳ್ರಿ. ಅದು ಬೇರೆ ತೊಂದರೆ, ಟೇಪಿನಿಂದ ಹೋಗೋದಿಲ್ಲ. ಕೆಲವರಿಗೆ ಟೇಪಿನ ನಂತರ ಅದು ಹೊಸದಾಗಿ ಶುರುವಾಗೋದೂ ಉಂಟು.

ಪ್ರಶ್ನೆ: ಮೂರು ತಿಂಗಳಾದರೂ ಕಡಿಮಿ ಆಗಲಿಲ್ಲಂದ್ರ?

ಉತ್ತರ: ಆಗ ಧೈರ್ಯವಾಗಿ ಮಾಡಿಸ್ರಿ. ಆದರೆ ಡಾಕ್ಟರಿಗೆ ಮೊದಲೇ ಕೇಳಬೇಕು: ಇಂಥವು ವರ್ಷಕ್ಕೆ ಎಷ್ಟು ಮಾಡ್ತೀರಿ, ಹಾಕೋದು ಯಾವ ಟೇಪು, ನಾಳೆ ತೆಗೆಯೋ ಪ್ರಸಂಗ ಬಂದರೆ ತೆಗೆಯುವವರು ಯಾರು. ಹಾಕಿದ ಟೇಪಿನ ಹೆಸರು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಂಡು ಜೋಪಾನ ಇಡ್ರಿ.