ಬೆಲ್ಲದ ಚಾ ಒಡೀತದ: ತಪ್ಪು ಬೆಲ್ಲದ್ದೋ, ಶುಂಠಿದೋ?

ನವನಗರ_ಹುಬ್ಬಳ್ಳಿ (ಪ್ರಶ್ನೆ):
ಮನ್ಯಾಗ ಸಕ್ರಿ ಬಿಟ್ಟು ಬೆಲ್ಲದ ಚಾ ಶುರು ಮಾಡೇವಿ. ಒಂದು ಕಪ್ ನೀರು, ಒಂದು ಕಪ್ ಪಾಕೀಟ್ ಹಾಲು, ಎರಡು ಚಮಚ ಪುಡಿ, ಹೆರೆದ ಹಸಿಶುಂಠಿ, ಬೆಲ್ಲ, ಎಲ್ಲಾ ಕೂಡೇ ಹಾಕಿ ಸಣ್ಣ ಉರಿಗೆ ಇಡ್ತೀವಿ. ಒಂದೊಂದು ದಿನ ಚಲೋ ಬರ್ತದ, ಒಂದೊಂದು ದಿನ ಹಾಲು ಒಡದು ಕಣಕಣ ಆಗ್ತದ. ಇನ್ನೊಂದು: ಹಿರಿಯರಿಗೆ ರಾತ್ರಿ ಚಾ ಬದಲಿ ಗವತಿ ಚಹಾ (ನಿಂಬಿ ಹುಲ್ಲಿಂದು) ಇಲ್ಲಾ ಕಷಾಯ ಕೊಡಬೇಕಂತದ. ಗವತಿಗೆ ನಿಂಬಿ ವಾಸನಿ ಇರ್ತದಲ್ಲ, ಹಾಲು ಹಾಕಿದ್ರ ನಡೀತದೇನ್ರಿ?

ಮಾಳಮಡ್ಡಿ:
ಎರಡೂ ಕೆಡಸ್ತಾವ್ರಿ, ಕೆಡಿಸೋ ರೀತಿ ಬ್ಯಾರೆ.

ಹಸಿಶುಂಠ್ಯಾಗ ಹಾಲಿನ ಪ್ರೋಟೀನ್ ಕತ್ತರಿಸೋ ಕಿಣ್ವ ಅದ, ಝಿಂಜಿಬೈನ್ ಅಂತ. ಹಾಲು 60–70 ಡಿಗ್ರಿಗೆ ಬಂದಾಗ ಅದರ ಆಟ ಜೋರು, ಕುದಿಯೋ ನೀರಾಗ ನಿಂತುಬಿಡ್ತದ. ತಣ್ಣನ ಹಾಲಿನ ಜೋಡಿ ಶುಂಠಿ ಹಾಕಿ ಸಣ್ಣ ಉರಿಗೆ ಇಟ್ರ, ಆ ಬಿಸ್ಯಾಗ ಹಾಲು ಬಾಳ ಹೊತ್ತು ನಿಲ್ತದ, ಒಡಿಯೂದು ಅಲ್ಲೇ. ಹೆರೆದಷ್ಟೂ ರಸ ಜಾಸ್ತಿ ಬಿಡ್ತದ ಅನ್ನೂದೂ ಖರೆ. ಹಂಗಾಗಿ ಶುಂಠಿ ಜಜ್ಜಿ ಬರೇ ನೀರಾಗ 3–4 ನಿಮಿಷ ಕುದಿಸ್ರಿ.

ಬೆಲ್ಲದ್ದು ಹುಳಿ ಲೆಕ್ಕ. ತಾಜಾ ಹಾಲಿನ ಪಿಎಚ್ (ಹುಳಿಯ ಅಳತಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 6.6–6.7. ಬೆಲ್ಲ ಅದಕ್ಕಿಂತ ಹುಳಿ, ಮಳಿಗಾಲದಾಗ ನೀರೊಡೆದು ಡಬ್ಬಿ ತಳಕ್ಕ ಜಿನುಗಿದ ಬೆಲ್ಲ ಇನ್ನೂ ಹುಳಿ. ತಣ್ಣನ ಹಾಲು ಅಷ್ಟು ಹುಳಿ ತಡಕೋತದ, ಕುದಿಯೋ ಹಾಲು ತಡಕೊಳ್ಳೂದಿಲ್ಲ. “ಒಂದೊಂದು ದಿನ” ಅಂದ್ರಲ್ಲ, ಅದು ಹಾಲಿನ ವಯಸ್ಸು: ಮುಂಜಾನಿ ಒಡೆದ ಪಾಕೀಟು ಹೊರಗ ಉಳಿದಿದ್ರ ಸಂಜಿ ಹೊತ್ತಿಗೆ ಹುಳಿ ಆಗೂ ಅರ್ಧ ದಾರಿಗೆ ಬಂದಿರ್ತದ.

ಮಾಡೋ ಕ್ರಮ ಹಿಂಗ: ಹಬಿಯಾಗಿ ಹೋಗೂದನ್ನ ಲೆಕ್ಕ ಹಿಡಿದು ನೀರು 180 ಮಿಲಿ, ಶುಂಠಿ ಹೆಬ್ಬೆರಳಿನ ಉಗುರಿನಷ್ಟು. ಕುದ್ದ ಮ್ಯಾಲೆ ಸಿಟಿಸಿ (ಸಣ್ಣ ಕಾಳಿನಂಥ) ಚಾಪುಡಿ 5 ಗ್ರಾಂ, ಅಂದ್ರ ಎರಡು ಸಣ್ಣ ಚಮಚ, 2 ನಿಮಿಷ. ಬ್ಯಾರೆ ಪಾತೇಲ್ಯಾಗ ಕಾಸಿದ ಹಾಲು 150 ಮಿಲಿ ಹಾಕಿ ಒಂದು ಉಕ್ಕು ಬರಸ್ರಿ. ಒಲಿ ಆರಿಸಿ, ಗುಳ್ಳಿ ಇಳಿದ ಮ್ಯಾಲೆ ಪುಡಿ ಮಾಡಿದ ಬೆಲ್ಲ 20 ಗ್ರಾಂ ಕಲಸಿ ಸೋಸ್ರಿ. ತಿರುಗಿ ಒಲಿಗೆ ಇಡಬ್ಯಾಡ್ರಿ, ಉಳಿದ ಚಾ ಬಿಸಿ ಮಾಡಿದಾಗ ಒಡಿಯೂದೇ ಹೆಚ್ಚು. ಹೊಸಾ ಬೆಲ್ಲ ತಂದ ದಿನ ಲೋಟದಾಗ ಎರಡು ಚಮಚ ಸುಡು ಹಾಲಿಗೆ ಚಿಟಿಕಿ ಬೆಲ್ಲ ಹಾಕಿ ನೋಡಿದ್ರ ಮೊದಲೇ ತಿಳೀತದ.

ಗಾಂಧಿಚೌಕ:
ಚಿಟಿಕಿ ಅಡಿಗಿ ಸೋಡಾ ಹಾಕ್ರಿ, ಬಗೆಹರೀತೈತಿ.

ಮಾಳಮಡ್ಡಿ:
ಒಡಿಯೂದು ನಿಲ್ತದ, ಚಾ ಉಳಿಯೂದಿಲ್ಲ. ಸೋಡಾ ಬಿದ್ರ ಬಣ್ಣ ಕರ್ರಗ, ಬಾಯಾಗ ಸಾಬೂನಿನ ರುಚಿ. ಬೆಲ್ಲ ಕಡೀಕ ಹಾಕಿದ್ರ ಸೋಡಾದ ಕೆಲಸಾನ ಇಲ್ಲ.

ಬೆಟಗೇರಿ:
ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಿಮಗ ಮಲಪ್ರಭಾ ನೀರು ಬರತೈತಿ. ಗದಗ ಕಡೆ ನಳಕ್ಕ ತುಂಗಭದ್ರಾ ಬಂದ ದಿನ ಒಂದು ಚಾ, ಬೋರಿನ ನೀರು ಹಾಕಿದ ದಿನ ಮತ್ತೊಂದು ಚಾ. ಸುಣ್ಣದಂಶ ಇರೋ ಗಡಸು ನೀರಾಗ ಬಣ್ಣ ಮಂಕು, ಕಪ್ಪಿನ ಮ್ಯಾಲೆ ತೆಳು ಪದರ ಕಟ್ಟತೈತಿ. ಅದು ಕೆನಿ ಅಲ್ಲ, ಕ್ಯಾಲ್ಸಿಯಂ ಮತ್ತ ಚಾದ ಒಗರು ಕೂಡಿ ಗಾಳಿಗೆ ಕಟ್ಟೂ ಪೊರೆ. ಹಾಲಿಲ್ಲದ ಕರಿ ಚಾ ಆದ್ರ ನಾಕು ಹನಿ ನಿಂಬಿರಸಕ್ಕ ಹೋಗತೈತಿ. ಹಾಲಿನ ಚಾಕ್ಕ ನೀರು ಮೊದಲ ಚೆನ್ನಾಗಿ ಕುದಿಸಿ, ತಿಳಿ ಆದ ಮ್ಯಾಲೆ ತಳದ್ದು ಬಿಟ್ಟು ಬಗ್ಗಿಸಿಕೊಳ್ರಿ. ಉಲ್ಟಾ, ಆರ್‌ಒ ಫಿಲ್ಟರಿನ ನೀರಾಗ ಅದೇ ಪುಡಿ ಖಡಕ್ ಆಗಿ ಒಗರು ಎದ್ದು ಕಾಣತೈತಿ, ಕಾಲು ಭಾಗ ಕಡಿಮಿ ಹಾಕ್ರಿ.

ಎಮ್ಮಿ ಹಾಲಾದ್ರ 150 ಬ್ಯಾಡ, 100 ಸಾಕು. ಜಿಡ್ಡು ಹೆಚ್ಚಾದ್ರ ಪುಡಿ ರುಚಿ ಮುಚ್ಚಿಹೋಗತೈತಿ. ಮಿರ್ಚಿ, ಗಿರ್ಮಿಟ್ ಜೋಡಿ ಕುಡಿಯೂ ಚಾಕ್ಕಂತೂ ಹಾಲು ಕಡಿಮಿ, ಪುಡಿ ಜಾಸ್ತಿನ ಬೇಕು. ಇದು ನನ್ನ ರುಚಿ, ವಾದ ಬ್ಯಾಡ.

ನವನಗರ_ಹುಬ್ಬಳ್ಳಿ:
ಬೆಲ್ಲ ಕಡೀಕ ಹಾಕೂದು ತಿಳೀತು. ಗವತಿ, ಕಷಾಯದ್ದು?

ಹಾವೇರಿ_ಯಾಲಕ್ಕಿ:
ಗವತಿಗೆ ಹಾಲು ಧಾರಾಳ ಹಾಕಬಹುದು. ನಿಂಬೆಯ ಪರಿಮಳ ಸಿಟ್ರಾಲ್ ಎಂಬ ಎಣ್ಣೆಯದ್ದು. ಅದು ಹುಳಿಯಲ್ಲ, ಹಾಲು ಒಡೆಯುವುದಿಲ್ಲ. ಎರಡು ಕಪ್ಪಿಗೆ ಎರಡು ಉದ್ದ ಎಲೆ, ಕತ್ತರಿಯಿಂದ ಒಂದಿಂಚಿನ ತುಂಡು (ಎಲೆ ಅಂಚು ಬೆರಳು ಕೊಯ್ಯುತ್ತದೆ). ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ 3–4 ನಿಮಿಷ ಸಾಕು. ತೆರೆದಿಟ್ಟು ಹತ್ತು ನಿಮಿಷ ಕುದಿಸಿದರೆ ಪರಿಮಳ ಹಬೆಯ ಜೊತೆ ಹೋಗಿ ಹುಲ್ಲಿನ ರುಚಿಯಷ್ಟೇ ಉಳಿಯುತ್ತದೆ. ತುಳಸಿಯನ್ನಂತೂ ಕುದಿಸಲೇಬೇಡಿ, ಒಲೆ ಆರಿಸಿ ಐದಾರು ಎಲೆ ಹಾಕಿ ಮುಚ್ಚಿಡಿ.

ಕಷಾಯದ ಪುಡಿಗೆ ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50, ಒಣಶುಂಠಿ 15, ಕಾಳುಮೆಣಸು 10, ಮೆಂತ್ಯ 5, ಯಾಲಕ್ಕಿ 5. ಯಾಲಕ್ಕಿ ಸಿಪ್ಪೆಯನ್ನೂ ಎಸೆಯದೆ ಕೂಡಿಸಿ. ಒಂದೊಂದನ್ನೇ ಬೇರೆ ಹುರಿಯಬೇಕು: ಕೊತ್ತಂಬರಿ ಬಣ್ಣ ತಿರುಗುವ ಮೊದಲೇ ಇಳಿಸಿ, ಮೆಂತ್ಯ ಕೆಂಪಾದರೆ ಇಡೀ ಡಬ್ಬಿ ಕಹಿ. ಯಾಲಕ್ಕಿ ಹುರಿಯುವುದು ಬೇಡ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಹಬೆ ಕೂತು ಗಂಟು ಕಟ್ಟುತ್ತದೆ. ಕಪ್ಪಿಗೆ ಅರ್ಧ ಚಮಚ, ನೀರಲ್ಲಿ 5 ನಿಮಿಷ, ಆಮೇಲೆ ಬಿಸಿ ಹಾಲು, ಕೊನೆಗೆ ಬೆಲ್ಲ. ಇಲ್ಲಿಯೂ ಅದೇ ಕ್ರಮ.

ರಾತ್ರಿಗೆ ಇದರ ಲಾಭ ಒಂದೇ, ಕೆಫೀನ್ ಇಲ್ಲ. ಗ್ರೀನ್ ಟೀ ಹಾಗಲ್ಲ, ಅದರಲ್ಲಿಯೂ ಕೆಫೀನ್ ಇದೆ. ಸಿಹಿಗೆಂದು ಕೆಲವರು ಜೇಷ್ಠಮಧು ಸೇರಿಸುತ್ತಾರೆ. ದಿನಾ ಕುಡಿದರೆ ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಹಿರಿಯರು ಬಿಪಿ ಗುಳಿಗೆ ತಗೊಳ್ಳುತ್ತಿದ್ದರೆ ಪುಡಿಗೆ ಹಾಕಲೇಬೇಡಿ. ಅಂಗಡಿಯಿಂದ ತಂದ ಕಷಾಯದ ಪುಡಿಯಾದರೆ ಪಾಕೀಟಿನ ಹಿಂದಿನ ಸಾಮಗ್ರಿ ಪಟ್ಟಿಯಲ್ಲಿ ಯಷ್ಟಿಮಧು, ಮುಲೇಠಿ ಅಂತ ಇದೆಯಾ ನೋಡಿ, ಎರಡೂ ಅದೇ.